‘ಅಪರಿಚಿತ ಗಂಡಸು, ಸುಮಾರು 30 ವರ್ಷ’: ಹಳೆಯ ಗೋಲಿಬಾರಿನಲ್ಲಿ ಸತ್ತವರ ಹೆಸರು ಈಗ ಪತ್ತೆಯಾಗುತ್ತದಾ?

ಪ್ರಶ್ನೆ: ನಮ್ಮ ಅಜ್ಜಿಗೆ 84 ವರ್ಷ. ಅವರ ತಮ್ಮ 1980ರ ದಶಕದಲ್ಲಿ ಮಿಲ್ ಕೆಲಸಕ್ಕೆಂದು ಹೊರ ರಾಜ್ಯಕ್ಕೆ ಹೋದವರು ವಾಪಸ್ ಬರಲೇ ಇಲ್ಲ. ಕಾಗದ ಬರುವುದೂ ನಿಂತುಹೋಯಿತು. ಅದೇ ಹೊತ್ತಿನಲ್ಲಿ ಆ ಊರಲ್ಲಿ ಮುಷ್ಕರ ನಡೆದು ಗೋಲಿಬಾರ್ ಆಗಿತ್ತಂತೆ. ಸತ್ತವರ ಪಟ್ಟಿಯ ಕೊನೆಯಲ್ಲಿ ‘ಅಪರಿಚಿತ ಗಂಡಸು, ಸುಮಾರು 30 ವರ್ಷ’ ಎಂದಿದೆ. ಅದು ಅವರೇ ಇರಬಹುದಾ ಅಂತ ಮನೆಯವರಿಗೆಲ್ಲ ಅನುಮಾನ. ಹಾಡಹಗಲೇ ಪೊಲೀಸರ ಗುಂಡಿಗೆ ಸತ್ತವನ ಹೆಸರು ಪೊಲೀಸರಿಗೇ ಗೊತ್ತಾಗಲಿಲ್ಲ ಅಂದರೆ ಹೇಗೆ? ಇಷ್ಟು ವರ್ಷದ ಮೇಲೆ ಡಿಎನ್‌ಎ ಪರೀಕ್ಷೆ ಮಾಡಿಸಿ ಪತ್ತೆ ಹಚ್ಚಬಹುದಾ? ಅಜ್ಜಿಗೆ ಇದನ್ನೆಲ್ಲ ಹೇಳುವುದೋ ಬೇಡವೋ?

ಉತ್ತರ: ಅಜ್ಜಿಯ ವಿಷಯ ನೀವು ಕೊನೆಗೆ ಕೇಳಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಉಳಿದ ಕೆಲಸ ಆರು ತಿಂಗಳು ತಡವಾದರೂ ನಡೆಯುತ್ತದೆ. ಇದು ತಡವಾದರೆ ನಡೆಯುವುದಿಲ್ಲ.

ಅಜ್ಜಿಗೆ ಹೇಳಿ. ಅವರಿಂದ ಮುಚ್ಚಿಟ್ಟು ಈ ಹುಡುಕಾಟ ನಡೆಸಲು ಆಗುವುದೇ ಇಲ್ಲ. ತಮ್ಮನ ಮೈಮೇಲಿನ ಗುರುತುಗಳನ್ನು ಕಣ್ಣಾರೆ ಕಂಡವರು ಈಗ ಅವರೊಬ್ಬರೇ ಇರಬಹುದು. ‘ಸಿಕ್ಕರು’ ಅನ್ನಬೇಡಿ. ‘ಒಂದು ಅನುಮಾನ ಇದೆ, ಹುಡುಕುತ್ತಿದ್ದೇವೆ, ನಿಮ್ಮ ಸಹಾಯ ಬೇಕು’ ಅನ್ನಿ. ನಲವತ್ತು ವರ್ಷ ಕಾದವರಿಗೆ ಅಷ್ಟು ಕೇಳುವ ಹಕ್ಕಿದೆ.

ಹೇಳಿದ ಮೇಲೆ ಎರಡು ಕೆಲಸ ಮಾಡಿ. ಮೊದಲನೆಯದು, ಅವರು ಹೇಳುವುದನ್ನೆಲ್ಲ ಬರೆದುಕೊಳ್ಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ತಾರೀಖು ಹಾಕಿ. ಆಸ್ಪತ್ರೆ ಅಥವಾ ಪೊಲೀಸ್ ಕಾಗದ ಒಂದೂ ಕೈಗೆ ಬರುವ ಮುಂಚೆಯೇ ಇದು ಮುಗಿಯಬೇಕು. ಯಾಕೆಂದರೆ ‘ಎಡ ಮೊಣಕೈ ಹತ್ತಿರ ಹಳೆಯ ಗಾಯದ ಕಲೆ’ ಎಂದು ಮರಣೋತ್ತರ ವರದಿಯಲ್ಲಿ ಓದಿ ಹೇಳಿದರೆ, ಪಾಪ, ಅಜ್ಜಿಗೂ ಅದೇ ನೆನಪಾಗಿಬಿಡುತ್ತದೆ. ಸುಳ್ಳು ಹೇಳುತ್ತಾರೆ ಅಂತಲ್ಲ. ಆಸೆ ಇದ್ದಾಗ ನೆನಪು ಹಾಗೇ ವಾಲುತ್ತದೆ. ಪ್ರಶ್ನೆಗಳನ್ನೂ ಬಿಡಿಬಿಡಿಯಾಗಿ ಕೇಳಿ: ಯಾವುದಾದರೂ ಹಲ್ಲು ಮುರಿದಿತ್ತಾ? ಚಿಕ್ಕಂದಿನಲ್ಲಿ ಕೈಕಾಲು ಮುರಿದು ಕಟ್ಟು ಹಾಕಿಸಿದ್ದು ಉಂಟಾ? ಕಿವಿ ಚುಚ್ಚಿಸಿತ್ತಾ? ಹಚ್ಚೆ ಇದ್ದರೆ ಯಾವ ಕೈಯಲ್ಲಿ, ಏನು ಬರೆಸಿದ್ದರು? ತೋಳಿನ ಮೇಲಿನ ಸಿಡುಬಿನ ಲಸಿಕೆ ಕಲೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಆ ಪೀಳಿಗೆಯ ಹೆಚ್ಚುಕಡಿಮೆ ಎಲ್ಲರಿಗೂ ಅದು ಇತ್ತು.

ಎರಡನೆಯದು, ಅಜ್ಜಿಯ ಡಿಎನ್‌ಎ ಮಾದರಿ ತೆಗೆಸಿಡಿ. ಒಡಹುಟ್ಟಿದವರ ಮಾದರಿಗೆ ಬೆಲೆ ಜಾಸ್ತಿ. ಮನೆಯಲ್ಲಿ ನೀವೇ ತೆಗೆಯಬೇಡಿ. ಲ್ಯಾಬಿನವರ ಕೈಯಲ್ಲೇ, ಗುರುತಿನ ಚೀಟಿ ತೋರಿಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ತೆಗೆಸಿ. ಕೋರ್ಟು ಮುಂದೆ ಹೊಸ ಮಾದರಿ ಕೇಳಬಹುದು, ಕೇಳಲಿ. ಆಗ ಅಜ್ಜಿ ಇಲ್ಲದಿದ್ದರೆ ಇದೇ ಆಧಾರ. ಮೈಟೊಕಾಂಡ್ರಿಯಲ್ ಡಿಎನ್‌ಎ ಅನ್ನುವುದು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಅಜ್ಜಿಗೂ ಅವರ ತಮ್ಮನಿಗೂ ಒಂದೇ ತಾಯಿಯಿಂದ ಬಂದದ್ದು. ಅವರು ನಿಮ್ಮ ತಾಯಿಯ ತಾಯಿ ಆಗಿದ್ದರೆ ನಿಮ್ಮ ತಾಯಿಗೂ ಅದೇ, ನಿಮಗೂ ಅದೇ. ತಂದೆಯ ಕಡೆಯ ಅಜ್ಜಿ ಆಗಿದ್ದರೆ ನಿಮ್ಮ ತಂದೆಯವರೆಗೆ ಬಂದು ನಿಲ್ಲುತ್ತದೆ. ಅಜ್ಜಿಗೆ ಬೇರೆ ಅಣ್ಣತಮ್ಮಂದಿರು ಇದ್ದು, ಅವರಿಗೆ ಗಂಡುಮಕ್ಕಳಿದ್ದರೆ ಅವರ ಮಾದರಿಯೂ ಬೇಕು. ಗಂಡಿನಿಂದ ಗಂಡಿಗೆ ಹೋಗುವ ವೈ ಕ್ರೋಮೋಸೋಮ್ ಅಲ್ಲಿ ಸಿಗುತ್ತದೆ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಪೊಲೀಸರೇ ಗುಂಡು ಹಾರಿಸಿ, ಪೊಲೀಸರೇ ಹೆಣ ಎತ್ತಿ, ಪೊಲೀಸರೇ ಪಂಚನಾಮೆ ಬರೆದ ಮನುಷ್ಯ ‘ಅಪರಿಚಿತ’ ಆಗಿದ್ದು ಹೇಗೆ?

ಗೋಲಿಬಾರ್ ಆದ ಊರಲ್ಲಿ ಕರ್ಫ್ಯೂ ಇರುತ್ತದೆ. ಹೆಣ ನೋಡಲು ಬಂದವರನ್ನೇ ಗಲಭೆ ಕೇಸಿನಲ್ಲಿ ಹಾಕುತ್ತಾರೆ ಅನ್ನುವ ಭಯ ಇರುತ್ತದೆ. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಶವಯಾತ್ರೆ ಹೊರಟರೆ ಮತ್ತೆ ಗಲಾಟೆ ಆಗುತ್ತದೆ ಅಂತ ಹೆಣಗಳನ್ನು ಬೇಗ, ಕೆಲವು ಸಲ ರಾತ್ರಿಯೇ, ಕಾವಲಿನಲ್ಲಿ ಸುಟ್ಟೋ ಹೂತೋ ಮುಗಿಸುತ್ತಾರೆ. ಪಂಚನಾಮೆಗೆ ಸಹಿ ಹಾಕಿದ ಸ್ಥಳೀಯರಿಗೆ ಹೊರಗಿನಿಂದ ಬಂದ ಕೂಲಿಯವನ ಮುಖ ಗೊತ್ತಿರುವುದಿಲ್ಲ. ಅವನ ಜೇಬಿನಲ್ಲಿ ಕಾಗದ ಇರುವುದಿಲ್ಲ. ಮತದಾರರ ಗುರುತಿನ ಚೀಟಿಯೇ ಶುರುವಾದದ್ದು 1993ರಲ್ಲಿ. ಬೆರಳಚ್ಚು ತೆಗೆದರೂ ಪೊಲೀಸರ ಬಳಿ ಹೋಲಿಸಲು ಇರುವುದು ಹಿಂದೆ ಬಂಧನಕ್ಕೆ ಒಳಗಾದವರ ಬೆರಳಚ್ಚು ಮಾತ್ರ. ಯಾವತ್ತೂ ಠಾಣೆ ಮೆಟ್ಟಿಲು ಹತ್ತದ ಮನುಷ್ಯ ಆ ಕಡತದಲ್ಲಿ ಸಿಗುವುದಿಲ್ಲ.

ಇದೆಲ್ಲ ಕಾರಣ ನಿಜವೇ. ಆದರೆ ಹೆಸರು ಇಲ್ಲದಿದ್ದರೆ ಕೇಳುವವರು ಇಲ್ಲ, ಪರಿಹಾರ ಇಲ್ಲ, ಕೇಸೂ ಇಲ್ಲ. ಹೆಸರು ಹುಡುಕದೆ ಇರುವುದರಲ್ಲಿ ಗುಂಡು ಹಾರಿಸಿದವರಿಗೆ ಅನುಕೂಲ ಇದೆ. ಇದನ್ನು ಮರೆತು ಹಳೆಯ ಕಡತ ಓದಬಾರದು.

ನಮ್ಮ ವಿದುರಾಶ್ವತ್ಥವನ್ನೇ ನೋಡಿ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು 30ಕ್ಕೂ ಜಾಸ್ತಿ ಅಂತ ಜನ ಹೇಳಿದರು. ಸರ್ಕಾರ ಒಪ್ಪಿದ ಲೆಕ್ಕ ಅದಕ್ಕಿಂತ ತುಂಬ ಕಡಿಮೆ. ಆ ಎರಡು ಸಂಖ್ಯೆಗಳ ನಡುವೆ ಬಿದ್ದುಹೋದವರು ಯಾರ್‍ಯಾರು ಎಂದು ಆಗಲೇ ಮನೆಮನೆಗೆ ಹೋಗಿ ಕೇಳಿದ್ದರೆ ಗೊತ್ತಾಗುತ್ತಿತ್ತು, ಅಲ್ವಾ?

1987ರ ಮೇ 22ರಂದು ಮೀರತ್ತಿನ ಹಾಶಿಂಪುರದಲ್ಲಿ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆಯವರು, ಅಂದರೆ ಪಿಎಸಿಯವರು, ಮುಸ್ಲಿಂ ಗಂಡಸರನ್ನು ಟ್ರಕ್ಕಿಗೆ ತುಂಬಿಕೊಂಡು ಹೋಗಿ, ಕಾಲುವೆ ದಡದಲ್ಲಿ ಗುಂಡಿಟ್ಟು ನೀರಿಗೆ ತಳ್ಳಿದರು. 38 ಜನರನ್ನು ಕೊಂದರು ಎಂದು ದೆಹಲಿ ಹೈಕೋರ್ಟ್ ಹೇಳಿದೆ. ಅವರಲ್ಲಿ ಕುಟುಂಬದವರು ಗುರುತಿಸಿದ್ದು 11 ಶವಗಳನ್ನು ಮಾತ್ರ. ಕೆಳಗಿನ ಕೋರ್ಟು 2015ರಲ್ಲಿ ಆರೋಪಿಗಳನ್ನೆಲ್ಲ ಬಿಟ್ಟುಬಿಟ್ಟಿತು. 2018ರ ಅಕ್ಟೋಬರ್ 31ರಂದು ಹೈಕೋರ್ಟ್ 16 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ನಡುವೆ ಆದದ್ದೇನು? ಆ ಪಡೆಯದೇ ಒಂದು ದಿನಚರಿ ಪುಸ್ತಕ ಕೋರ್ಟಿಗೆ ಬಂತು. ಯಾವ ಟ್ರಕ್ಕು, ಅದರಲ್ಲಿ ಯಾರ್‍ಯಾರು ಡ್ಯೂಟಿ ಮೇಲೆ ಹೋದರು ಅನ್ನುವುದೆಲ್ಲ ಮೂರು ದಶಕದಿಂದ ಅದರಲ್ಲೇ ಬರೆದಿತ್ತು.

ಅದಕ್ಕೇ ನಾನು ಹೇಳುವುದು: ಡಿಎನ್‌ಎ ಆಮೇಲೆ, ಮೊದಲು ಕಾಗದ. ಅದರಲ್ಲೂ ಯಾರೂ ಮುಖ್ಯ ಅಂದುಕೊಳ್ಳದ ಕಾಗದ.

ಇದಕ್ಕೆ ಪಂಜಾಬಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿ 1984ರಿಂದ 1994ರವರೆಗೆ ಪೊಲೀಸರು ಸಾವಿರಾರು ಹೆಣಗಳನ್ನು ‘ವಾರಸುದಾರರಿಲ್ಲ’ ಎಂದು ಬರೆಸಿ ಸುಟ್ಟರು. ಜಸ್ವಂತ್ ಸಿಂಗ್ ಖಾಲ್ರಾ ಎನ್ನುವ ಮಾನವ ಹಕ್ಕು ಕಾರ್ಯಕರ್ತ ಇದನ್ನು ಬಯಲಿಗೆ ತಂದದ್ದು ಸ್ಮಶಾನದ ರಿಜಿಸ್ಟರ್ ಮತ್ತು ಸೌದೆ ಲೆಕ್ಕ ಹಿಡಿದು. ಹೆಣ ಸುಡಲು ಸೌದೆ ಬೇಕು. ಸೌದೆಗೆ ದುಡ್ಡು ಬೇಕು. ದುಡ್ಡು ಕೊಟ್ಟವರು ರಸೀತಿ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ಯಾವ ಠಾಣೆಯವರು ಯಾವ ದಿನ ಎಷ್ಟು ಹೆಣ ತಂದರು ಅನ್ನುವುದು ಸಿಕ್ಕಿತು. ಖಾಲ್ರಾ ಅವರನ್ನು 1995ರ ಸೆಪ್ಟೆಂಬರಿನಲ್ಲಿ ಪೊಲೀಸರು ಮನೆಯಿಂದಲೇ ಎತ್ತಿಕೊಂಡು ಹೋಗಿ ಕೊಂದರು. ಆ ಕೊಲೆಗೆ ಪೊಲೀಸರಿಗೆ ಶಿಕ್ಷೆಯೂ ಆಯಿತು. ಆದರೆ ಅವರು ಹುಡುಕಿದ ಕಾಗದ ಉಳಿಯಿತು. ಅಮೃತಸರ ಜಿಲ್ಲೆಯ ಮೂರು ಸ್ಮಶಾನಗಳಲ್ಲೇ 2,097 ಶವ ಸುಟ್ಟಿದ್ದನ್ನು ಸಿಬಿಐ 1996ರಲ್ಲಿ ಖಚಿತಪಡಿಸಿತು. ಆಗ 1,238 ಮಂದಿ ಪೂರ್ತಿ ಅಪರಿಚಿತರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಜಾಹೀರಾತು ಕೊಟ್ಟು, ಕುಟುಂಬಗಳಿಂದ ಅರ್ಜಿ ಪಡೆದು, ಪೊಲೀಸ್ ದಾಖಲೆ ಜೊತೆ ಹೋಲಿಸಿತು. 2006ರ ಹೊತ್ತಿಗೆ, ಮೊದಲೇ ಗುರುತು ಸಿಕ್ಕಿದ್ದವರೂ ಸೇರಿ, 2,097ರಲ್ಲಿ 1,245 ಮಂದಿ ಯಾರೆಂದು ಗೊತ್ತಾಗಿ, ಅವರ ಕುಟುಂಬಗಳಿಗೆ ಪರಿಹಾರದ ಆದೇಶ ಆಯಿತು. ಇವರೆಲ್ಲ ಬೂದಿಯಾದವರು. ಡಿಎನ್‌ಎ ಪರೀಕ್ಷೆಗೆ ಮೂಳೆ ಎಲ್ಲಿಂದ ತರುವುದು? ಆದರೂ ಹೆಸರು ಬಂತು.

ನಿಮ್ಮ ವಿಷಯದಲ್ಲಿ ಎಲ್ಲಿ ಹುಡುಕುವುದು? ಠಾಣೆಯ ಎಫ್‌ಐಆರ್, ಶವ ಪಂಚನಾಮೆ, ಅಸಹಜ ಸಾವಿನ ವರದಿ ಕೇಳಿ. ‘ನಾಶಪಡಿಸಲಾಗಿದೆ’ ಎಂಬ ಉತ್ತರ ಬರುವ ಸಾಧ್ಯತೆ ಇದೆ. ಹಾಗೆ ಬಂದರೆ ಯಾವಾಗ, ಯಾರ ಆದೇಶದಿಂದ ನಾಶ ಆಯಿತು ಅನ್ನುವ ರಿಜಿಸ್ಟರಿನ ನಕಲು ಕೇಳಿ. ಠಾಣೆಯ ಆಚೆಗೂ ಹೋಗಿ. ಸರ್ಕಾರಿ ಆಸ್ಪತ್ರೆಯ ಶವಾಗಾರದ ರಿಜಿಸ್ಟರ್, ವಿಧಿವಿಜ್ಞಾನ ವಿಭಾಗದ ಮರಣೋತ್ತರ ವರದಿಯ ಕಚೇರಿ ಪ್ರತಿ, ನಗರಸಭೆಯ ಸ್ಮಶಾನ ಪುಸ್ತಕ, ಅನಾಥ ಶವ ಸಾಗಿಸಿದ ಖರ್ಚಿನ ವೋಚರ್. ಗೋಲಿಬಾರಿನ ಮೇಲೆ ಮ್ಯಾಜಿಸ್ಟ್ರೇಟ್ ತನಿಖೆ ಆಗಿದ್ದರೆ ಆ ವರದಿ ಜಿಲ್ಲಾ ಕಚೇರಿಯಲ್ಲಿರಬೇಕು. 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ಆಯೋಗ ಕೂತಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಸಾಕ್ಷಿ ಹೇಳಿದ ಡಾಕ್ಟರು, ಕಾರ್ಮಿಕರು ಸಿಗುತ್ತಾರೆ. ಆ ರಾಜ್ಯದ ವಿಧಾನಸಭೆಯ ನಡಾವಳಿಯನ್ನೂ ಬಿಡಬೇಡಿ. ಆಗ ಅಧಿವೇಶನ ನಡೆಯುತ್ತಿದ್ದರೆ ವಿರೋಧ ಪಕ್ಷದವರು ಎದ್ದುನಿಂತು ಹೆಸರುಗಳನ್ನು ಓದಿರಬಹುದು.

ಮಾಹಿತಿ ಹಕ್ಕು ಅರ್ಜಿಯಲ್ಲಿ ಕಾಯ್ದೆಯ 8(3)ನೇ ಕಲಂ ಅನ್ನು ಹೆಸರಿಸಿಯೇ ಬರೆಯಿರಿ. 20 ವರ್ಷಕ್ಕಿಂತ ಹಳೆಯ ಘಟನೆಗೆ ಸಂಬಂಧಿಸಿದ ಮಾಹಿತಿಯನ್ನು, ದೇಶದ ಭದ್ರತೆಯಂಥ ಕೆಲವೇ ಕಾರಣ ಬಿಟ್ಟರೆ, ಕೊಡಲೇಬೇಕು ಎಂದು ಅದು ಹೇಳುತ್ತದೆ. ‘ತನಿಖೆಗೆ ಅಡ್ಡಿಯಾಗುತ್ತದೆ’, ‘ಮೂರನೆಯವರ ಖಾಸಗಿ ವಿಷಯ’ ಎನ್ನುವ ನೆಪ ಅಲ್ಲಿ ನಡೆಯುವುದಿಲ್ಲ.

ಇದಕ್ಕೆಲ್ಲ ಮುಂಚೆ ಒಂದು ಕೆಲಸ ಇದೆ, ಜನ ಇದನ್ನು ಮರೆಯುತ್ತಾರೆ. ಆ ದಿನದ ನಂತರ ಅವರು ಬದುಕಿದ್ದರಾ ಎಂದು ನೋಡಿ. ಮಿಲ್ ಕೆಲಸ ಅಂದಿರಿ. ಹಾಗಾದರೆ ಹಾಜರಿ ಪುಸ್ತಕ ಇತ್ತು, ಬಹುಶಃ ಪಿಎಫ್ ಮತ್ತು ಇಎಸ್‌ಐ ಕಡಿತವೂ ಇತ್ತು. ಮಿಲ್ ಮುಚ್ಚಿದ್ದರೂ ಪಿಎಫ್ ಲೆಕ್ಕ ಮುಚ್ಚುವುದಿಲ್ಲ, ಅದು ಕೇಂದ್ರದ ಕಚೇರಿಯಲ್ಲಿರುತ್ತದೆ. ಗೋಲಿಬಾರ್ ಆದ ತಿಂಗಳಿಗೇ ಅವರ ಕಂತು ನಿಂತಿದೆಯಾ? ಮೂರು ತಿಂಗಳು ಆದಮೇಲೂ ಕಟ್ಟಿದ್ದಾರಾ? ಆಮೇಲೆ ಹಣ ವಾಪಸ್ ಪಡೆದಿದ್ದಾರಾ? ಪಡೆದಿದ್ದರೆ ಅರ್ಜಿಯಲ್ಲಿ ಸಹಿ ಅಥವಾ ಹೆಬ್ಬೆಟ್ಟು ಇರುತ್ತದೆ. ಆ ದಿನದ ನಂತರ ಅವರು ಒಂದು ಕಡೆ ಸಹಿ ಹಾಕಿದ್ದರೂ ಸಾಕು, ಪಟ್ಟಿಯಲ್ಲಿರುವವರು ಅವರಲ್ಲ. ಆಗ ನಿಮ್ಮ ಹುಡುಕಾಟ ಬೇರೆ ದಾರಿ ಹಿಡಿಯುತ್ತದೆ. ನಾಮಿನಿ ಕಾಲಂನಲ್ಲಿ ಯಾರ ಹೆಸರಿದೆ ಅನ್ನುವುದನ್ನೂ ನೋಡಿ. ಅಲ್ಲಿ ನಿಮಗೆ ಗೊತ್ತಿಲ್ಲದ ಸಂಸಾರವೊಂದು ಸಿಗಬಹುದು.

ಮರಣೋತ್ತರ ವರದಿ ಕೈಗೆ ಬಂತು ಅಂದುಕೊಳ್ಳೋಣ. ಎಲ್ಲರೂ ಮೊದಲು ವಯಸ್ಸು ನೋಡುತ್ತಾರೆ. ನಾನು ಅದನ್ನು ಕೊನೆಗೆ ನೋಡುತ್ತೇನೆ. ‘ಸುಮಾರು 30’ ಅಂದರೆ ಶವಾಗಾರದಲ್ಲಿ ಯಾರೋ ಮುಖ ನೋಡಿ ಬರೆದದ್ದು. ದುಡಿದು ಬತ್ತಿದ 24ರ ಹುಡುಗನೂ 30 ಅನ್ನಿಸಿಕೊಳ್ಳುತ್ತಾನೆ, 38 ಆದವನೂ ಅನ್ನಿಸಿಕೊಳ್ಳುತ್ತಾನೆ. ಎತ್ತರ ಸ್ವಲ್ಪ ವಾಸಿ, ಅಳತೆ ಪಟ್ಟಿ ಹಿಡಿದು ಬರೆದದ್ದಾದರೆ. ನಾನು ಮೊದಲು ಓದುವುದು ಬಟ್ಟೆ ವಿವರ. ಆಗಿನ ಅಂಗಿಗಳ ಕಾಲರಿನ ಒಳಗೆ ಹೊಲಿದ ಟೈಲರ್ ಅಂಗಡಿಯ ಚೀಟಿ ಇರುತ್ತಿತ್ತು, ಊರಿನ ಹೆಸರೂ ಇರುತ್ತಿತ್ತು. ಅಗಸರು ಬಟ್ಟೆಯ ಅಂಚಿನಲ್ಲಿ ಅಳಿಸದ ಮಸಿಯಿಂದ ಗುರುತು ಹಾಕುತ್ತಿದ್ದರು. ಒಂದೊಂದು ಮನೆಗೆ ಒಂದೊಂದು ಗುರುತು. ನಮ್ಮ ದೇಶದಲ್ಲಿ ಎಷ್ಟೋ ಹೆಣಗಳ ಗುರುತು ಹತ್ತಿದ್ದು ಆ ಮಸಿಯಿಂದಲೇ. ಶ್ರದ್ಧೆಯಿಂದ ಬರೆದ ಪಂಚನಾಮೆಯಲ್ಲಿ ಇವೆರಡೂ ದಾಖಲಾಗಿರುತ್ತವೆ. ನಿಮ್ಮವರು ಊರಿಂದ ಹೊರಟಾಗ ಯಾರ ಹತ್ತಿರ ಅಂಗಿ ಹೊಲಿಸಿದ್ದರು ಅಂತ ಅಜ್ಜಿಯನ್ನು ಕೇಳಿ. ಸಣ್ಣ ವಿಷಯ ಅನ್ನಿಸಬಹುದು, ಕೇಳಿ.

ಆಮೇಲೆ ಹಲ್ಲು, ಹಳೆಯ ಮೂಳೆ ಮುರಿತ, ಹಚ್ಚೆ, ಶಸ್ತ್ರಚಿಕಿತ್ಸೆ ಕಲೆ. ನೀವು ಮೊದಲೇ ಬರೆದಿಟ್ಟ ಅಜ್ಜಿಯ ಹೇಳಿಕೆಯನ್ನು ಈಗ ಪಕ್ಕದಲ್ಲಿಡಿ. ಹೊಂದುವುದನ್ನು ಮಾತ್ರ ಎಣಿಸಬೇಡಿ. ಒಂದು ಗುರುತು ಸುತರಾಂ ಹೊಂದದಿದ್ದರೆ ಹತ್ತು ಹೊಂದಿದರೂ ಪ್ರಯೋಜನ ಇಲ್ಲ. ಅಜ್ಜಿ ಹೇಳಿದ ಎಡಗೈ ಹಚ್ಚೆ ವರದಿಯಲ್ಲಿ ಇಲ್ಲದಿದ್ದರೆ ಬರೆದವರು ಬಿಟ್ಟಿರಬಹುದು. ಆದರೆ ಮುರಿದೇ ಹೋಗಿದ್ದ ಮುಂದಿನ ಹಲ್ಲು ವರದಿಯಲ್ಲಿ ಗಟ್ಟಿಯಾಗಿದ್ದರೆ ಅವರು ಬೇರೆ ಮನುಷ್ಯ. ಆ ಬೇರೆ ಮನುಷ್ಯನಿಗೂ ಎಲ್ಲೋ ಒಂದು ಮನೆ ಇದೆ. ಅವರ ಹೆಸರಿನ ಜಾಗದಲ್ಲಿ ತಪ್ಪು ಹೆಸರು ಕೂತರೆ ಆ ಮನೆಯವರಿಗೆ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ.

ಈಗ ಡಿಎನ್‌ಎ. ಎಲ್ಲ ನಿಂತಿರುವುದು ಶವವನ್ನು ಸುಟ್ಟರಾ, ಹೂತರಾ ಎಂಬುದರ ಮೇಲೆ. ಸುಟ್ಟು ಬಿಳಿಯಾದ ಮೂಳೆಯಲ್ಲಿ ಡಿಎನ್‌ಎ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಆದರೆ ರಕ್ತ ಹತ್ತಿದ ಬಟ್ಟೆಯನ್ನು ಒಣಗಿಸಿ ಮುದ್ದೆಮಾಲು, ಅಂದರೆ ಕೇಸಿನ ಸಾಕ್ಷ್ಯವಸ್ತು, ಎಂದು ಕೋರ್ಟಿನಲ್ಲೋ ಪ್ರಯೋಗಾಲಯದಲ್ಲೋ ಇಟ್ಟಿದ್ದರೆ ಅದರಿಂದ ಆದೀತು. ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಮೇಣದಲ್ಲಿ ಹಾಕಿಟ್ಟ ಅಂಗಾಂಶದ ತುಂಡು ಉಳಿದಿದ್ದರೂ ಪ್ರಯತ್ನಿಸಬಹುದು. ಹೂತಿದ್ದರೆ ಆಸೆ ಜಾಸ್ತಿ. ಹಲ್ಲು, ತೊಡೆಮೂಳೆ, ಕಿವಿಯ ಒಳಭಾಗದ ಗಟ್ಟಿ ಮೂಳೆ, ಇವುಗಳಲ್ಲಿ ಡಿಎನ್‌ಎ ಬಹಳ ವರ್ಷ ಉಳಿಯುತ್ತದೆ. ಗೋರಿ ತೆರೆಸಲು ನಮ್ಮ ಕಾನೂನಿನಲ್ಲಿ ಇಂತಿಷ್ಟು ವರ್ಷದೊಳಗೆ ಎಂಬ ಮಿತಿ ಇಲ್ಲ. ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಕಷ್ಟ ಇರುವುದು ಜಾಗದಲ್ಲಿ. ಅನಾಥ ಶವ ಹೂಳುವ ಜಾಗವನ್ನು ಕೆಲವು ವರ್ಷಕ್ಕೊಮ್ಮೆ ಮತ್ತೆ ಅಗೆಯುತ್ತಾರೆ. ಗುಣಿಯ ನಂಬರು ಬರೆದ ಸ್ಮಶಾನ ಪುಸ್ತಕ ಇಲ್ಲದೆ ಗುದ್ದಲಿ ಹಿಡಿಯಲು ಹೋಗಬೇಡಿ.

ಅಜ್ನಾಲಾದ ಕತೆ ಇಲ್ಲಿ ಹೇಳಲೇಬೇಕು. 1857ರಲ್ಲಿ ದಂಗೆ ಎದ್ದ ಸಿಪಾಯಿಗಳನ್ನು ಪಂಜಾಬಿನ ಅಜ್ನಾಲಾದಲ್ಲಿ ಗುಂಡಿಟ್ಟು ಕೊಂದು ಬಾವಿಗೆ ಹಾಕಿದರು. ಗುಂಡಿಗೆ ಸತ್ತವರು, ಉಸಿರುಗಟ್ಟಿ ಸತ್ತವರು ಸೇರಿ 282 ಎಂದು ಆಗಿನ ಅಮೃತಸರದ ಡೆಪ್ಯುಟಿ ಕಮಿಷನರ್ ಫ್ರೆಡರಿಕ್ ಕೂಪರ್ ಲೆಕ್ಕ ಬರೆದ. 2014ರಲ್ಲಿ ಬಾವಿ ಅಗೆದಾಗ ಮೂಳೆ, ಹಲ್ಲು ಸಿಕ್ಕವು. ಹಲ್ಲುಗಳ ಡಿಎನ್‌ಎ ಪರೀಕ್ಷೆ ಮತ್ತು ಐಸೊಟೋಪ್ ಪರೀಕ್ಷೆ (ಮನುಷ್ಯ ಯಾವ ಕಡೆಯ ಅನ್ನ, ನೀರಿನಲ್ಲಿ ಬೆಳೆದ ಎಂದು ಹೇಳುವಂಥದ್ದು) ಮಾಡಿದ ವಿಜ್ಞಾನಿಗಳು, ಇವರು ಪಂಜಾಬಿನವರಲ್ಲ, ಗಂಗಾ ಬಯಲಿನ ಕಡೆಯವರು ಎಂದು 2022ರಲ್ಲಿ ಪ್ರಕಟಿಸಿದರು. ಒಂದೂವರೆ ಶತಮಾನ ಕಳೆದ ಹಲ್ಲು ಊರಿನ ದಿಕ್ಕು ಹೇಳಿತು, ಹೆಸರು ಹೇಳಲಿಲ್ಲ. ಹೋಲಿಸಲು ಬಂಧುಗಳ ಮಾದರಿ ಇದ್ದರೆ ತಾನೇ ಹೆಸರು? ನಿಮ್ಮ ಮನೆಯಲ್ಲಿ ಆ ಮಾದರಿ ಇನ್ನೂ ಇದೆ. ಅದಕ್ಕೇ ಅಜ್ಜಿಯನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ಎಂದು ಮೊದಲೇ ಒತ್ತಿ ಹೇಳಿದ್ದು.

ಮೈಟೊಕಾಂಡ್ರಿಯಲ್ ಡಿಎನ್‌ಎ ಹೊಂದಿತು ಅಂದ ಮಾತ್ರಕ್ಕೆ ಮುಗಿಯಲಿಲ್ಲ ಅನ್ನುವುದೂ ಗೊತ್ತಿರಲಿ. ಅದೇ ತಾಯಿಬಳ್ಳಿಯವರು ಬೇರೆ ಎಷ್ಟೋ ಜನ ಇರುತ್ತಾರೆ. ಹೊಂದದಿದ್ದರೆ ‘ಅಲ್ಲ’ ಎಂದು ಗಟ್ಟಿಯಾಗಿ ಹೇಳಬಹುದು. ಹೊಂದಿದರೆ ‘ಇರಬಹುದು’ ಅಷ್ಟೇ. ಒಡಹುಟ್ಟಿದವರ ಸಾಮಾನ್ಯ ಡಿಎನ್‌ಎ ಹೋಲಿಕೆ, ವೈ ಕ್ರೋಮೋಸೋಮ್, ಮೈಮೇಲಿನ ಗುರುತು, ಪಿಎಫ್ ನಿಂತ ತಿಂಗಳು ಎಲ್ಲ ಒಂದೇ ಕಡೆ ಬೆರಳು ತೋರಿಸಿದಾಗ ‘ಹೌದು’.

ಕಾನೂನಿನ ದಾರಿ. ಮಾನವ ಹಕ್ಕುಗಳ ಆಯೋಗಕ್ಕೆ ನೇರ ದೂರು ಕೊಟ್ಟರೆ ಒಂದು ವರ್ಷ ದಾಟಿದ ಘಟನೆ ಎಂದು ಕೈಬಿಡುತ್ತಾರೆ. 1993ರ ಕಾಯ್ದೆಯಲ್ಲೇ ಆ ಮಿತಿ ಇದೆ. ಪಂಜಾಬಿನ ವಿಷಯದಲ್ಲಿ ಆಯೋಗ ಹಳೆಯದನ್ನು ಕೆದಕಲು ಆದದ್ದು ಸುಪ್ರೀಂ ಕೋರ್ಟೇ ಆ ಕೆಲಸ ವಹಿಸಿದ್ದರಿಂದ. ನಿಮ್ಮ ದಾರಿ ಆ ರಾಜ್ಯದ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಕಾಗದ ಕೂಡಿಸಿಕೊಂಡು ಹೋಗಿ, ಬರೀ ಅನುಮಾನ ಹಿಡಿದು ಹೋಗಬೇಡಿ. ಎದುರು ಪಕ್ಷದವರು ‘ಆಗಿನ ಪದ್ಧತಿಯೇ ಹಾಗಿತ್ತು’ ಅನ್ನುತ್ತಾರೆ. ಪೊಲೀಸರ ಗುಂಡಿಗೆ ಸತ್ತವರ ಗುರುತು ಪತ್ತೆ, ಫೋಟೋ, ಬೆರಳಚ್ಚು, ರಕ್ತ ಹತ್ತಿದ ಮಣ್ಣಿನಂಥ ಸಾಕ್ಷ್ಯ, ವಿಡಿಯೋ ಮಾಡಿದ ಮರಣೋತ್ತರ ಪರೀಕ್ಷೆ, ಬಂಧುಗಳಿಗೆ ಸುದ್ದಿ, ಇದೆಲ್ಲ ಆಗಬೇಕು ಎಂದು ಎನ್‌ಕೌಂಟರ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟ್ ವಿವರವಾಗಿ ಬರೆದದ್ದು 2014ರಲ್ಲಿ, ನಿಜ. ಆದರೆ ಅಪರಿಚಿತ ಶವದ ಪಂಚನಾಮೆ, ಮರಣೋತ್ತರ ಪರೀಕ್ಷೆ ಅದಕ್ಕೂ ಎಷ್ಟೋ ಮುಂಚಿನಿಂದ ಕಡ್ಡಾಯವೇ ಇತ್ತು. ಅದು ಆಗಿದೆಯಾ ಎಂದು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಏಳು ವರ್ಷ ಸುದ್ದಿ ಇಲ್ಲದವರನ್ನು ಸತ್ತಿದ್ದಾರೆ ಎಂದು ಕೋರ್ಟು ಭಾವಿಸುತ್ತದೆ ಎಂದು ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಆಸ್ತಿ ಭಾಗಕ್ಕೆ ಅದು ಸಾಕು, ನಿಮಗೆ ಸಾಲದು. ಅದರಿಂದ ಸತ್ತ ದಿನವನ್ನು ಊಹಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಗೋಲಿಬಾರಿನ ದಿನವೇ ಸತ್ತರು ಎಂದು ನೀವು ಬೇರೆ ಸಾಕ್ಷಿಯಿಂದಲೇ ತೋರಿಸಬೇಕು. ಅವಸರಕ್ಕೆ ‘ಕಾಣೆಯಾದವರು’ ಎಂಬ ಡಿಕ್ರಿ ತೆಗೆದುಕೊಂಡರೆ ಆಮೇಲೆ ಅದನ್ನೇ ನಿಮ್ಮ ವಿರುದ್ಧ ಹಿಡಿಯುತ್ತಾರೆ.

ಕೊನೆಗೆ ಗುರುತು ಗಟ್ಟಿಯಾದರೆ ಹೊಸದಾಗಿ ಮರಣ ನೋಂದಣಿ ಮಾಡಿಸಲು ಓಡಬೇಡಿ. ಆ ಊರಿನ ಜನನ ಮರಣ ರಿಜಿಸ್ಟರಿನಲ್ಲಿ ಆ ವಾರದ ಪುಟಗಳನ್ನು ಮೊದಲು ತೆಗೆಸಿ ನೋಡಿ. ‘ಅಪರಿಚಿತ ಗಂಡಸು’ ಎಂದು ಒಂದು ನಮೂದು ಅಲ್ಲಿ ಆಗಲೇ ಇರಬಹುದು. ಇದ್ದರೆ ನೀವು ಕೇಳಬೇಕಾದದ್ದು 1969ರ ಕಾಯ್ದೆಯ 15ನೇ ಕಲಂ ಅಡಿ ಆ ನಮೂದಿನ ತಿದ್ದುಪಡಿ. ಹೊಸ ನೋಂದಣಿ ಮಾಡಿಸಿದರೆ ಒಂದೇ ಸಾವು ಎರಡು ಕಡೆ ದಾಖಲಾಗಿ, ಗೋಲಿಬಾರಿನ ಪಟ್ಟಿಯಲ್ಲಿ ಅವರು ಅಪರಿಚಿತರಾಗಿಯೇ ಉಳಿಯುತ್ತಾರೆ.